ಹ್ಯಾಂಡ್ ಬ್ರೇಕ್ ಹಾಕಿದ್ದ ಬಸ್ಸು ರಾತ್ರಿ ಮೂರೂವರೆಗೆ ಅಡಿಕೆ ತೋಟಕ್ಕೆ ಇಳಿದದ್ದು ಹೇಗೆ

ನಾನು ಕಾಸರಗೋಡಿನ ಬದಿಯಡ್ಕ ಕಡೆ ಗಾಡಿ ಕೆಲಸ ಮಾಡುವವ, ಹೆಚ್ಚಾಗಿ ಲೈನ್ ಬಸ್ಸು, ಸ್ಕೂಲ್ ಬಸ್ಸು, ಅದರಲ್ಲೂ ಬ್ರೇಕಿನ ಕೆಲಸವೇ ಜಾಸ್ತಿ. ಕೆಲವು ವರ್ಷ ಹಿಂದೆ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೆಗೆ, ನೈಟ್ ಹಾಲ್ಟಿಗೆ ನಿಲ್ಲಿಸಿದ್ದ ಒಂದು ಬಸ್ಸು ಬೆಳಗಾಗುವ ಮೊದಲು ತನ್ನಷ್ಟಕ್ಕೆ ಹೊರಟು ಒಬ್ಬರ ತೋಟಕ್ಕೆ ಇಳಿಯಿತು. ಅದನ್ನು ಎಳ್ಕೊಂಡು ತಂದದ್ದು ನಮ್ಮ ಶೆಡ್ಡಿಗೆ, ಬಿಚ್ಚಿ ನೋಡಿದ್ದು ನಾನೇ. ಊರಲ್ಲಿ ಆವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು, ಏರ್ ಲೀಕ್ ಆಗಿ ಬ್ರೇಕ್ ಹೋದದ್ದು ಅಂತ. ಆ ಮಾತು ತಪ್ಪು, ಪೂರ್ತಿ ತಪ್ಪು, ಮತ್ತೆ ಜನ ಅದನ್ನೇ ನಂಬಿಕೊಂಡು ಕೂತ್ರೆ ಇನ್ನೊಂದು ಬಸ್ಸು ಹೀಗೇ ಇಳೀತದೆ ಅಂತ ನನಗೆ ಹೆದರಿಕೆ ಉಂಟು, ಅದಕ್ಕೇ ಕೂತು ಬರೀತಾ ಇದ್ದೇನೆ. ಬಸ್ಸಿನ ಹೆಸರು, ಓನರ್, ಊರು ಯಾವುದೂ ಹಾಕುದಿಲ್ಲ, ಎಲ್ಲರೂ ದಿನಾ ಮುಖ ನೋಡುವವರೇ.

ಮೊದಲು ಜಾಗ ಹೇಗಿತ್ತು ಹೇಳ್ತೇನೆ. ನಮ್ಮ ಕಡೆ ನೋಡಿದವರಿಗೆ ಗೊತ್ತುಂಟು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಭಾಗದಲ್ಲಿ ರಸ್ತೆ ಅಂದ್ರೆ ಒಂದೋ ಏರು ಇಲ್ಲದಿದ್ರೆ ಇಳಿತ, ಮೇಲೆ ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ ಗುಡ್ಡೆ, ಕೆಳಗೆ ತೋಟ, ತೋಟದ ಬದಿಯಲ್ಲಿ ತೋಡು. ಈ ಬಸ್ಸಿನ ಕೊನೇ ಸ್ಟಾಪ್ ಗುಡ್ಡೆ ತುದಿಯಲ್ಲಿ, ಅಲ್ಲಿ ಅಂಗಡಿ ಎದುರು ಸಮತಟ್ಟು ಜಾಗ ಒಳ್ಳೇದೇ ಉಂಟು, ಬಸ್ಸು ತಿರುಗಿಸ್ಲಿಕ್ಕೆ ಸಾಕಾಗುವಷ್ಟು. ಆದ್ರೆ ಬಸ್ಸು ರಾತ್ರಿ ನಿಲ್ತಾ ಇದ್ದದ್ದು ಆ ತಟ್ಟಿನಲ್ಲಿ ಅಲ್ಲ, ಅಲ್ಲಿಂದ ನಾಲ್ಕು ಮಾರು ಕೆಳಗೆ, ಮುಖ ಇಳಿತದ ಕಡೆಗೆ ಮಾಡಿ. ಯಾಕೆ ಅಲ್ಲಿ, ಇಷ್ಟು ಒಳ್ಳೇ ತಟ್ಟು ಜಾಗ ಬಿಟ್ಟು? ಈ ಪ್ರಶ್ನೆ ನನಗೆ ಮೊದಲ ದಿನವೇ ಬಂದಿತ್ತು, ಉತ್ತರ ಸಿಕ್ಕಿದ್ದು ನಾಲ್ಕನೇ ದಿನ, ಮತ್ತೆ ಇಡೀ ಕೇಸು ಅದರಲ್ಲೇ ಇದ್ದದ್ದು.

ಆವತ್ತು ರಾತ್ರಿ 9 ಗಂಟೆಗೆ ಬಸ್ಸು ಬಂತು. ಡ್ರೈವರಣ್ಣ 25 ವರ್ಷ ಬಸ್ಸು ಓಡಿಸಿದವರು, ಹುಡುಗಾಟದ ಜನ ಅಲ್ಲ. ಹ್ಯಾಂಡ್ ಬ್ರೇಕ್ ಹಾಕಿದ್ರು, ಗೇರಿನಲ್ಲಿ ಬಿಟ್ರು, ಕಂಡಕ್ಟರ್ ಹುಡುಗ ಕೆಳಗೆ ಇಳಿದು ಹಿಂದಿನ ಎಡ ಚಕ್ರಕ್ಕೆ ಕಲ್ಲು ಕೊಟ್ಟ. ಡ್ರೈವರ್ ಹತ್ತಿರದ ಮನೆ ಜಗಲಿಯಲ್ಲಿ ಮಲಗಿದ್ರು, ಹುಡುಗ ಬಸ್ಸಿನೊಳಗೆ ಹಿಂದಿನ ಸೀಟಿನಲ್ಲಿ. ಮೂರೂವರೆ ಸುಮಾರಿಗೆ ಒಂದು ಜರ್ಕ್ ಆಗಿ ಹುಡುಗನಿಗೆ ಎಚ್ಚರ ಆಯ್ತು, ನೋಡಿದ್ರೆ ಕಿಟಕಿಯ ಹೊರಗೆ ಬರೆ, ಅಂದ್ರೆ ರಸ್ತೆ ಬದಿಯ ಮಣ್ಣಿನ ಗೋಡೆ, ಹಿಂದೆ ಹೋಗ್ತಾ ಉಂಟು. ಓಡಿ ಮುಂದೆ ಬಂದು ಬ್ರೇಕ್ ಪೆಡಲಿನ ಮೇಲೆ ಎರಡೂ ಕಾಲು ಇಟ್ಟು ನಿಂತನಂತೆ, ಪೆಡಲ್ ಸೀದಾ ಕೆಳಗೆ ಹೋಯ್ತು, ಬಸ್ಸು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಲಿವರ್ ಹಿಡಿದ, ಅದು ಮೊದಲೇ ಹಾಕಿದ ಪೊಸಿಷನ್ನಿನಲ್ಲೇ ಉಂಟು. ಸ್ಟೇರಿಂಗ್ ತಿರುಗಿಸ್ಲಿಕ್ಕೆ ನೋಡಿದ್ರೆ ಇಂಜಿನ್ ಆಫ್, ಪವರ್ ಸ್ಟೇರಿಂಗ್ ಕಲ್ಲಿನ ಹಾಗೆ. ತಿರುವಿನಲ್ಲಿ ಬಸ್ಸು ನೇರ ಹೋಗಿ ಕಟ್ಟೆ ಹಾರಿ ತೋಟಕ್ಕೆ ಬಿತ್ತು, ಏಳು ಅಡಿಕೆ ಮರ ಮುರಿದು ಕೆಸರಿನಲ್ಲಿ ಹೂತು ನಿಂತಿತು. ಹುಡುಗನ ಭುಜದ ಎಲುಬು ಜಾರಿತು, ಅಷ್ಟರಲ್ಲಿ ಮುಗೀತು, ದೇವರು ದೊಡ್ಡವ. ಅದೇ ತಿರುವಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಶಾಲೆ ಮಕ್ಕಳು ನಿಲ್ತಾರೆ.

ಈಗ ಏರ್ ಲೀಕಿನ ಮಾತು. ದೊಡ್ಡ ಬಸ್ಸಿನ ಹ್ಯಾಂಡ್ ಬ್ರೇಕ್ ಹೇಗೆ ಹಿಡೀತದೆ ಅಂತ ತುಂಬಾ ಜನರಿಗೆ, ಬಸ್ಸು ಓಡಿಸುವವರಿಗೆ ಸಹ, ಉಲ್ಟಾ ತಿಳುವಳಿಕೆ ಉಂಟು. ಕಾಲಿನ ಬ್ರೇಕ್ ಗಾಳಿಯಿಂದ ಹಿಡೀತದೆ, ಅದು ಸರಿ. ಇಂಜಿನ್ ತಿರುಗಿದ್ರೆ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬ್ತದೆ, 7-8 ಬಾರ್ (ಗಾಳಿಯ ಒತ್ತಡದ ಅಳತೆ) ತನಕ, ಪೆಡಲ್ ಒತ್ತಿದ್ರೆ ಆ ಗಾಳಿ ಚಕ್ರದ ಹತ್ತಿರದ ಚೇಂಬರಿಗೆ ಹೋಗಿ ರಾಡ್ ತಳ್ತದೆ, ರಾಡ್ ಸ್ಲ್ಯಾಕ್ ಅಡ್ಜಸ್ಟರನ್ನು (ಲೈನರ್ ಸವೆದಾಗ ಸಂದಿ ಸರಿ ಮಾಡುವ ಕೈ) ತಿರುಗಿಸ್ತದೆ, ಅದು ಎಸ್ ಆಕಾರದ ಕ್ಯಾಮ್ ತಿರುಗಿಸಿ ಲೈನರನ್ನು, ಅಂದ್ರೆ ಬ್ರೇಕಿನ ಪಟ್ಟಿಯನ್ನು, ಚಕ್ರದ ಡ್ರಮ್ಮಿಗೆ ಅದುಮ್ತದೆ. ಆದ್ರೆ ಹಿಂದಿನ ಚಕ್ರದ ಚೇಂಬರ್ ನೋಡಿ, ಅದು ಜೋಡಿ ಡಬ್ಬಿ. ಒಂದು ಕಾಲಿನ ಬ್ರೇಕಿಗೆ, ಅದರ ಬೆನ್ನಿಗೆ ಇನ್ನೊಂದು, ಅದರೊಳಗೆ ಕೈ ಹೆಬ್ಬೆರಳಿನಷ್ಟು ದಪ್ಪದ ಕಂಬಿಯ ದೊಡ್ಡ ಸ್ಪ್ರಿಂಗ್. ಹ್ಯಾಂಡ್ ಬ್ರೇಕ್ ಹಿಡಿಯುದು ಈ ಸ್ಪ್ರಿಂಗ್. ಗಾಳಿಯ ಕೆಲಸ ಅಲ್ಲಿ ಬ್ರೇಕ್ ಹಿಡಿಯುದಲ್ಲ, ಬಿಡಿಸುದು, ಸ್ಪ್ರಿಂಗನ್ನು ಒತ್ತಿ ಹಿಂದೆ ಇಟ್ಟುಕೊಳ್ಳುದು. ಡ್ರೈವರ್ ಲಿವರ್ ಹಾಕಿದಾಗ ಟುಸ್ಸ್ ಅಂತ ಶಬ್ದ ಬರ್ತದಲ್ಲ, ಅದು ಆ ಗಾಳಿ ಹೊರಗೆ ಹೋಗುದು, ಗಾಳಿ ಹೋದ ಕೂಡ್ಲೇ ಸ್ಪ್ರಿಂಗ್ ಬಿಚ್ಚಿ ರಾಡನ್ನು ತಳ್ಳಿ ಹಿಡ್ಕೊಳ್ತದೆ. ಮತ್ತೆ ಟ್ಯಾಂಕಿನಲ್ಲಿ ಒಂದು ಹನಿ ಗಾಳಿ ಇಲ್ಲದಿದ್ರೂ ಅದು ಬಿಡುದಿಲ್ಲ, ಒಂದು ವರ್ಷ ನಿಲ್ಲಿಸಿದ್ರೂ ಬಿಡುದಿಲ್ಲ.

ಅಂದ್ರೆ ಲೀಕ್ ಆದ್ರೆ ಈ ಬ್ರೇಕ್ ಹೋಗುದಿಲ್ಲ, ಹಿಡ್ಕೊಂಡೇ ಇರ್ತದೆ. ಇದನ್ನು ಮಾಡಿದವರು ಬೇಕಂತಲೇ ಹಾಗೆ ಮಾಡಿದ್ದು. ಗಾಳಿ ಯಾವತ್ತಾದ್ರೂ ಸೋರ್ತದೆ ಅಂತ ಅವರಿಗೆ ಗೊತ್ತಿತ್ತು, ಹಾಗಾಗಿ ನಿಲ್ಲಿಸಿದ ಗಾಡಿಯನ್ನು ಗಾಳಿಯ ಮೇಲೆ ನಂಬಿ ಬಿಡಬಾರದು. ಗಾಳಿಯನ್ನು ನಂಬಿದ್ರೆ ಎಂತ ಆಗ್ತದೆ ಅಂತ ನೋಡ್ಬೇಕಾದ್ರೆ ಕೆನಡಾದ ಲಾಕ್ ಮೆಗಾಂಟಿಕ್ ಊರಿನ ಕಥೆ ಸಾಕು, 2013 ಜುಲೈ 6. ಇಳಿತದಲ್ಲಿ ರಾತ್ರಿ ನಿಲ್ಲಿಸಿದ್ದ ಕ್ರೂಡ್ ಆಯಿಲಿನ ಗೂಡ್ಸ್ ಟ್ರೈನು, 72 ಟ್ಯಾಂಕರ್. ಕೈಯಿಂದ ತಿರುಗಿಸಿ ಹಾಕುವ ಬ್ರೇಕ್ ಹಾಕಿದ್ದು ಬೇಕಾದದ್ದಕ್ಕಿಂತ ತುಂಬಾ ಕಮ್ಮಿ, ಉಳಿದದ್ದು ಇಂಜಿನ್ನಿನ ಏರ್ ಬ್ರೇಕ್ ಹಿಡ್ಕೊಂಡಿತ್ತು. ಆ ಇಂಜಿನ್ ಆಫ್ ಆಯ್ತು, ಗಾಳಿ ಮೆಲ್ಲ ಸೋರಿತು, ಟ್ರೈನು ಇಳಿದು ಊರ ನಡುವೆ ಮಗುಚಿ ಬೆಂಕಿ ಹಿಡಿದು 47 ಜನ ಹೋದ್ರು. ಅಲ್ಲಿ ಗಾಳಿ ಸೋರಿ ಬ್ರೇಕ್ ಹೋದದ್ದು ನಿಜ. ಆದ್ರೆ ನಮ್ಮ ಬಸ್ಸಿನ ಹಿಂದಿನ ಚಕ್ರದಲ್ಲಿ ಹಾಗೆ ಆಗ್ಲಿಕ್ಕೆ ದಾರಿಯೇ ಇಲ್ಲ, ಸ್ಪ್ರಿಂಗ್ ಸರಿ ಇದ್ದಿದ್ರೆ.

ಸ್ಪ್ರಿಂಗ್ ಸರಿ ಇದ್ದಿದ್ರೆ. ಬಸ್ಸಿನ ಹಿಂದೆ ಮಲಗಿ ಟಾರ್ಚ್ ಹಾಕಿದಾಗ ಮೊದಲು ಕಂಡದ್ದೇ ಎರಡೂ ಚೇಂಬರಿನ ಬೆನ್ನಿನಿಂದ ಬೋಲ್ಟ್ ಹೊರಗೆ ಚಾಚಿ ನಿಂತದ್ದು, ನಾಲ್ಕು ಬೆರಳು ಉದ್ದಕ್ಕೆ. ಕೆಲಸ ಗೊತ್ತಿಲ್ಲದವರಿಗೆ ಅದು ಒಂದು ಬೋಲ್ಟ್ ಅಷ್ಟೆ, ನನಗೆ ಕೈಕಾಲು ತಣ್ಣಗಾಯ್ತು. ಅದು ರಿಲೀಸ್ ಬೋಲ್ಟ್. ದಾರಿ ಮಧ್ಯೆ ಗಾಳಿ ಹೋಗಿ ಬಸ್ಸು ಲಾಕ್ ಆಗಿ ನಿಂತ್ರೆ ಎಳ್ಕೊಂಡು ಹೋಗ್ಲಿಕ್ಕೆ ಅಂತ ಕಂಪೆನಿಯವರೇ ಕೊಟ್ಟದ್ದು, ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಸ್ಪ್ರಿಂಗ್ ಹಿಂದಕ್ಕೆ ಎಳೆದು ಕಟ್ಟಿಹಾಕಿದ ಹಾಗೆ ಆಗ್ತದೆ. ನಾನೂ ಎಷ್ಟೋ ಸಲ ತಿರುಗಿಸಿದ್ದೇನೆ, ಶೆಡ್ಡಿಗೆ ತಂದು ಕೆಲಸ ಮುಗಿಸಿ ವಾಪಸ್ ಬಿಟ್ಟಿದ್ದೇನೆ. ವಾಪಸ್ ಬಿಡದಿದ್ರೆ ಆ ಬಸ್ಸಿಗೆ ಹ್ಯಾಂಡ್ ಬ್ರೇಕ್ ಅಂತ ಒಂದು ವಸ್ತುವೇ ಇಲ್ಲ. ಇಲ್ಲಿ ಎರಡೂ ಕಡೆ ಬಿಟ್ಟಿರಲಿಲ್ಲ. ಬೋಲ್ಟಿನ ಥ್ರೆಡ್ಡಿಗೆ ಕೆಸರು ಒಣಗಿ ಅಂಟಿತ್ತು, ನಿನ್ನೆ ಮೊನ್ನೆಯದ್ದಲ್ಲ, ಕಮ್ಮಿ ಅಂದ್ರೂ ತಿಂಗಳು ಆಗಿತ್ತು.

ಡ್ರೈವರಣ್ಣ ಶೆಡ್ಡಿಗೆ ಬಂದು ಕೂತು ಹೇಳಿದ್ರು, "ನಾನು ಲಿವರ್ ಹಾಕಿದ್ದು ಸತ್ಯ ಮಾರಾಯ, ಗಾಳಿ ಹೋದ ಶಬ್ದ ಸಹ ಕೇಳಿದ್ದೇನೆ, ಮೀಟರಿನಲ್ಲಿ ಕೆಂಪು ಲೈಟ್ ಸಹ ಬಂದಿತ್ತು." ಅವರು ಸುಳ್ಳು ಹೇಳ್ಲಿಲ್ಲ. ಲಿವರ್ ಲಾಕಿನಲ್ಲೇ ಇತ್ತು, ಅರ್ಧಕ್ಕೆ ಬಿಟ್ಟು ವಾಪಸ್ ಹಾರಿದ್ದೂ ಅಲ್ಲ, ನಾನೇ ನೋಡಿದ್ದೇನೆ. ಆದ್ರೆ ಶಬ್ದ ಬರುದು ಗಾಳಿ ಹೊರಗೆ ಹೋದದ್ದಕ್ಕೆ, ಲೈಟ್ ಉರಿಯುದು ಆ ಲೈನಿನಲ್ಲಿ ಗಾಳಿ ಇಲ್ಲ ಅನ್ನುದಕ್ಕೆ. ಸ್ಪ್ರಿಂಗ್ ಬಿಚ್ಚಿ ಲೈನರ್ ಡ್ರಮ್ಮಿಗೆ ಮುಟ್ಟಿದೆಯಾ ಇಲ್ವಾ ಅಂತ ಆ ಶಬ್ದಕ್ಕೂ ಗೊತ್ತಿಲ್ಲ, ಆ ಲೈಟಿಗೂ ಗೊತ್ತಿಲ್ಲ. ಬೋಲ್ಟ್ ತಿರುಗಿಸಿ ಇಟ್ಟ ಬಸ್ಸಿನಲ್ಲೂ ಅದೇ ಶಬ್ದ, ಅದೇ ಲೈಟ್. ಕಾಲಿನ ಬ್ರೇಕ್ ಸಹ ಯಥಾಪ್ರಕಾರ ಹಿಡೀತದೆ, ಹಾಗಾಗಿ ಇಡೀ ದಿನ ಓಡಿಸಿದ್ರೂ ಎಂತದೂ ಗೊತ್ತಾಗುದಿಲ್ಲ. ನನಗೆ ಈ ಕೇಸಿನಲ್ಲಿ ಅತೀ ಹೆಚ್ಚು ಬೇಜಾರು ಮಾಡಿದ್ದು ಇದೇ, 25 ವರ್ಷದ ಅನುಭವಸ್ಥ ಮನುಷ್ಯ ತನ್ನ ಕೆಲಸ ಎಲ್ಲ ಸರಿಯಾಗಿ ಮಾಡಿ ಮಲಗಿದ್ದಾನೆ, ಕೆಳಗೆ ಬ್ರೇಕೇ ಇಲ್ಲ.

ಹಾಗಾದ್ರೆ ಬೋಲ್ಟ್ ತಿರುಗಿಸಿದ್ದು ಯಾರು, ಯಾಕೆ? ಮೂರು ದಿನ ಯಾರೂ ಬಾಯಿ ಬಿಡ್ಲಿಲ್ಲ. ನಾಲ್ಕನೇ ದಿನ ಕ್ಲೀನರ್ ಹುಡುಗ ಟೀ ಕುಡೀತಾ ಇದ್ದಾಗ ನಾನು ಬೇರೆ ಎಂತದೋ ಕೇಳಿದೆ, ಈ ಬ್ಯಾಟ್ರಿ ಯಾವ ಕಾಲದ್ದು ಅಂತ. ಅಲ್ಲಿಂದ ಎಲ್ಲ ಹೊರಗೆ ಬಂತು.

ಬ್ಯಾಟ್ರಿ ಎರಡೂ ಸತ್ತಿತ್ತು. ಹಗಲಲ್ಲಿ ಇಂಜಿನ್ ಬಿಸಿ ಇದ್ದಾಗ ಹೇಗೋ ಸೆಲ್ಫ್ ತಿರುಗ್ತಾ ಇತ್ತು, ಬೆಳಿಗ್ಗೆ ಥಂಡಿಗೆ ಇಲ್ಲ. ಹೊಸತು ಹಾಕುವ ಅಂತ ಹೇಳಿ ಹೇಳಿ ಮುಂದೆ ಹೋಗ್ತಾ ಇತ್ತು. ಮೊದಲ ಟ್ರಿಪ್ ತಪ್ಪಬಾರದು, ಕಾಸರಗೋಡಿಗೆ ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಹೋಗುವವರೆಲ್ಲ ಆ ಒಂದು ಬಸ್ಸನ್ನೇ ನಂಬಿದ್ದು. ಹಾಗಾಗಿ ಬಸ್ಸನ್ನು ತಟ್ಟಿನಲ್ಲಿ ಬಿಡದೆ ಇಳಿತದಲ್ಲಿ ಮುಖ ಕೆಳಗೆ ಮಾಡಿ ನಿಲ್ಲಿಸುದು, ಬೆಳಿಗ್ಗೆ ಕಲ್ಲು ತೆಗೆದು ಉರುಳಿಸಿ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುದು. ನಮ್ಮ ಕಡೆ ಹಳೇ ಗಾಡಿಯಲ್ಲಿ ಎಲ್ಲರೂ ಮಾಡಿದ್ದೇ. ಆದ್ರೆ ಈ ಬಸ್ಸಿನಲ್ಲಿ ಗಾಳಿ ಸಹ ರಾತ್ರಿ ಸೋರ್ತಾ ಇತ್ತು. ಸ್ಪ್ರಿಂಗನ್ನು ಹಿಂದೆ ಒತ್ತಿ ಇಡ್ಲಿಕ್ಕೆ ಅಂದಾಜು 5 ಬಾರ್ ಗಾಳಿ ಬೇಕು, ಬೆಳಿಗ್ಗೆ ನೋಡಿದ್ರೆ ಮೀಟರ್ ಸೊನ್ನೆಯ ಹತ್ತಿರ. ಗಾಳಿ ಇಲ್ಲದೆ ಹ್ಯಾಂಡ್ ಬ್ರೇಕ್ ಬಿಡುದಿಲ್ಲ, ಬ್ರೇಕ್ ಬಿಡದೆ ಬಸ್ಸು ಉರುಳುದಿಲ್ಲ, ಉರುಳದೆ ಇಂಜಿನ್ ಸ್ಟಾರ್ಟ್ ಇಲ್ಲ, ಸ್ಟಾರ್ಟ್ ಆಗದೆ ಗಾಳಿ ತುಂಬುದಿಲ್ಲ. ಈ ಗಂಟನ್ನು ಬಿಡಿಸ್ಲಿಕ್ಕೆ ಯಾರೋ ಒಂದು ದಿನ ಬೆಳಿಗ್ಗೆ ಸ್ಪ್ಯಾನರ್ ಹಿಡ್ಕೊಂಡು ಬಸ್ಸಿನಡಿಗೆ ಹೋಗಿ ಎರಡೂ ಬೋಲ್ಟ್ ತಿರುಗಿಸಿದ್ದು. ಆವತ್ತು ಟ್ರಿಪ್ ತಪ್ಪಲಿಲ್ಲ. ಮರುದಿನ ಹೇಗೂ ಬೇಕಲ್ಲ ಅಂತ ಹಾಗೇ ಬಿಟ್ರು. ಆ ವಾರ ಡ್ಯೂಟಿಯಲ್ಲಿದ್ದ ಡ್ರೈವರ್ ಬೇರೆ, ಈ ಡ್ರೈವರಣ್ಣ ರಜೆ ಮುಗಿಸಿ ಬಂದಾಗ ಇವರಿಗೆ ಹೇಳಿದ್ದು ಬೆಳಿಗ್ಗೆ ಇಳಿತದಲ್ಲಿ ಬಿಟ್ಟು ಸ್ಟಾರ್ಟ್ ಮಾಡ್ಬೇಕು ಅಂತ ಮಾತ್ರ, ಬೋಲ್ಟಿನ ವಿಷಯ ಯಾರೂ ಹೇಳ್ಲಿಲ್ಲ.

ಇದರೊಳಗೆ ಇನ್ನೊಂದು ಭಯಂಕರ ವಿಷಯ ಉಂಟು, ಹೇಳದೆ ಬಿಡ್ಲಿಕ್ಕೆ ಆಗುದಿಲ್ಲ. ಟ್ಯಾಂಕಿನಲ್ಲಿ ಗಾಳಿ ಇಲ್ಲದೆ ಬಸ್ಸನ್ನು ಉರುಳಿಸಿ ಸ್ಟಾರ್ಟ್ ಮಾಡ್ತಾ ಇದ್ರು ಅಂದ್ರೆ ದಿನಾ ಬೆಳಿಗ್ಗೆ ಕಾಲಿನ ಬ್ರೇಕೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ ಅಂತ ಅರ್ಥ. ಇಂಜಿನ್ ಸ್ಟಾರ್ಟ್ ಆದ ಮೇಲೂ ಟ್ಯಾಂಕ್ ತುಂಬ್ಲಿಕ್ಕೆ ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಆ ಬಸ್ಸು ನಿಂತದ್ದು ಗೇರಿನ ಬಲದಲ್ಲಿ ಮಾತ್ರ. ತಿಂಗಳುಗಟ್ಟಲೆ ಹಾಗೆ ಮಾಡಿ ಎಂತದೂ ಆಗ್ಲಿಲ್ಲ ಅನ್ನುದೇ ಆಶ್ಚರ್ಯ.

ಸರಿ, ಬ್ರೇಕೇ ಇಲ್ಲ ಅಂದ್ರೆ 9 ಗಂಟೆಗೆ ನಿಲ್ಲಿಸಿದ್ದು ಮೂರೂವರೆ ತನಕ ಹೇಗೆ ನಿಂತಿತು? ಇದನ್ನು ತುಂಬಾ ಜನ ನನ್ನ ಹತ್ತಿರ ಕೇಳಿದ್ದಾರೆ, ಒಳ್ಳೇ ಪ್ರಶ್ನೆ. ಹಿಡ್ಕೊಂಡಿದ್ದು ಎರಡು, ಗೇರು ಮತ್ತೆ ಕಲ್ಲು.

ಲೆಕ್ಕ ಹಾಕಿ ನೋಡಿ. ಖಾಲಿ ಬಸ್ಸು ಅಂದಾಜು 9 ಟನ್. ಆ ಇಳಿತ ನಾವು ಹಗ್ಗ ಹಿಡಿದು ಅಳೆದದ್ದು, ಹತ್ತಡಿಗೆ ಒಂದಡಿ. ಹಾಗಾದ್ರೆ ಬಸ್ಸನ್ನು ಕೆಳಗೆ ಎಳೆಯುವ ಭಾರ 900 ಕೆಜಿ, ಹಗಲೂ ರಾತ್ರಿ, ಒಂದು ಸೆಕೆಂಡ್ ಬಿಡದೆ. ಟಾರು ರಸ್ತೆಯಲ್ಲಿ ಟಯರಿನ ಉಜ್ಜಾಟ ತಡೆಯುದು ಹೆಚ್ಚಂದ್ರೆ 90 ಕೆಜಿ. ಇದೇ ಲೆಕ್ಕದಲ್ಲಿ ನೂರಡಿಗೆ ಎರಡಡಿ ಇಳಿತ ಇದ್ರೂ, ಕಣ್ಣಿಗೆ ತಟ್ಟು ಅಂತಲೇ ಕಾಣುವ ಜಾಗ ಅದು, ಅಲ್ಲೂ ಬ್ರೇಕ್ ಇಲ್ಲದ ಬಸ್ಸು ಹೊರಡ್ತದೆ. ಬೋಲ್ಟ್ ತಿರುಗಿಸದೆ ಇದ್ದಿದ್ರೆ ಈ 900 ಕೆಜಿ ದೊಡ್ಡ ವಿಷಯವೇ ಅಲ್ಲ. ಯುರೋಪಿನ ಆರ್ 13 ನಿಯಮದಲ್ಲಿ ಪಾರ್ಕಿಂಗ್ ಬ್ರೇಕ್ ಒಂದೇ ಫುಲ್ ಲೋಡ್ ಗಾಡಿಯನ್ನು 18 ಪರ್ಸೆಂಟ್ ಇಳಿತದಲ್ಲಿ ಹಿಡೀಬೇಕು, ಅಮೆರಿಕದಲ್ಲಿ 20. ನಮ್ಮದು 10 ಪರ್ಸೆಂಟ್, ಅದೂ ಖಾಲಿ ಬಸ್ಸು.

ಗೇರಿನ ಹಿಡಿತ ಅಂದ್ರೆ ಇಂಜಿನ್ನಿನ ಕಂಪ್ರೆಷನ್. ಚಕ್ರ ತಿರುಗ್ಲಿಕ್ಕೆ ನೋಡಿದ್ರೆ ಪಿಸ್ಟನ್ ಗಾಳಿಯನ್ನು ಒತ್ಬೇಕಾಗ್ತದೆ, ಆ ಒತ್ತಡ ತಡೆ ಹಿಡೀತದೆ. ಆದ್ರೆ ಪಿಸ್ಟನ್ ರಿಂಗಿನ ಸಂದಿಯಲ್ಲಿ ಆ ಗಾಳಿ ಮೆಲ್ಲ ಜಾರ್ತದೆ, ಹಳೇ ಇಂಜಿನ್ನಿನಲ್ಲಿ ಬೇಗ ಜಾರ್ತದೆ, ಜಾರಿದ ಮೇಲೆ ಇಂಜಿನ್ ಒಂದು ಹೆಜ್ಜೆ ತಿರುಗಿ ಮುಂದಿನ ಸಿಲಿಂಡರಿನ ಕಂಪ್ರೆಷನ್ನಿಗೆ ನಿಲ್ತದೆ. ಚಿಕ್ಕ ಗೇರು ಅಂದ್ರೆ ಒಂದನೇದು ಅಥವಾ ರಿವರ್ಸ್, ಅದರಲ್ಲಿ ಹಿಡಿತ ಹೆಚ್ಚು. ಇಳಿತಕ್ಕೆ ಮುಖ ಮಾಡಿ ನಿಲ್ಲಿಸಿದ್ರೆ ರಿವರ್ಸ್ ಹಾಕ್ಬೇಕು ಅಂತ ಹಳಬರು ಹೇಳುದು ಅದಕ್ಕೇ. ಇವರು ಹಾಕಿದ್ದು ಸೆಕೆಂಡ್, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡ್ಲಿಕ್ಕೆ ಅದೇ ಬೇಕಾದದ್ದು. ಸೆಕೆಂಡಿನಲ್ಲಿ ಒಂದೊಂದು ಹೆಜ್ಜೆಗೆ ಬಸ್ಸು ಅಂದಾಜು ಎರಡು ಇಂಚು ಮುಂದೆ ಬರ್ತದೆ. ಕಲ್ಲು ಎದುರಿಗೆ ಇದ್ದ ಕಾರಣ ಬರ್ಲಿಕ್ಕೆ ಆಗ್ಲಿಲ್ಲ, ಭಾರ ಪೂರ್ತಿ ಮೆಲ್ಲ ಮೆಲ್ಲ ಕಲ್ಲಿನ ಮೇಲೆ ಹೋಗಿ ಕೂತಿತು.

ಆ ಕಲ್ಲು ಕೆಂಪುಕಲ್ಲು. ಹತ್ತಿರ ಯಾರದೋ ಕಂಪೌಂಡ್ ಕೆಲಸ ಆಗ್ತಾ ಇತ್ತು, ಅಲ್ಲಿಂದ ಮುರಿದ ತುಂಡು ತಂದು ಇಟ್ಟದ್ದು. ನಮ್ಮ ಮುರಕಲ್ಲು ನಿಮಗೆ ಗೊತ್ತಲ್ಲ, ಹೊಸತಾಗಿ ಕಡಿದಾಗ ಕತ್ತಿಯಲ್ಲಿ ಕೆತ್ತುವಷ್ಟು ಮೆತ್ತಗೆ, ಗಾಳಿ ಬಿಸಿಲು ತಿಂದು ತಿಂದು ಗಟ್ಟಿಯಾಗುದು. ಇದು ಹೊಸ ಕಲ್ಲು, ಮೇಲಿಂದ ಆಟಿಯ ಮಳೆ, ಕೆಳಗೆ ಪಾಚಿ ಹಿಡಿದ ಟಾರು. ಮರುದಿನ ಹೋಗಿ ನೋಡಿದ್ರೆ ಆ ಜಾಗದಲ್ಲಿ ಕೆಂಪು ಹುಡಿ ಮತ್ತೆ ಎರಡು ತುಂಡು, ಟಯರಿನ ಗುರುತು ಅದರ ಮೇಲೆಯೇ ಹೋಗಿತ್ತು. ಕಲ್ಲು ಪುಡಿಯಾದ ಕೂಡ್ಲೇ ಬಸ್ಸು ಒಂದು ಜರ್ಕ್ ತಿಂದಿದೆ, ಹುಡುಗನಿಗೆ ಎಚ್ಚರ ಆದ ಜರ್ಕ್ ಅದೇ, ಆ ಏಟಿಗೆ ಗೇರು ಹಾರಿದೆ. ಗೇರ್ ಲಿವರ್ ನ್ಯೂಟ್ರಲಿನಲ್ಲಿ ಸಿಕ್ಕಿತ್ತು, ಎಲ್ಲರೂ ಡ್ರೈವರ್ ಗೇರ್ ಹಾಕಿಯೇ ಇಲ್ಲ ಅಂತ ಹೇಳಿದ್ರು. ನಾನು ಅಷ್ಟಕ್ಕೆ ಒಪ್ಪಲಿಲ್ಲ. ಬ್ರೇಕ್ ರೆಡಿ ಆದ ಮೇಲೆ, ಗೇರ್ ಬಾಕ್ಸ್ ಬಿಚ್ಚುವ ಮೊದಲು, ಶೆಡ್ಡಿನ ಎದುರಿನ ಏರಿನಲ್ಲಿ ಸೆಕೆಂಡಿನಲ್ಲಿ ಬಿಟ್ಟು, ಸರಿಯಾದ ಮರದ ಅಡ್ಡ ಕೊಟ್ಟು, ನಾಲ್ಕು ಸಲ ನೋಡಿದೆ, ಎರಡು ಸಲ ಜರ್ಕಿಗೆ ಗೇರು ತನ್ನಷ್ಟಕ್ಕೆ ಹೊರಗೆ ಬಂತು. ಗೇರ್ ಬಾಕ್ಸಿನ ಸೆಕೆಂಡಿನ ಹಲ್ಲು ಸವೆದಿತ್ತು. ಡ್ರೈವರಣ್ಣ ಹೇಳಿದ್ದು ನಿಜ ಅಂತ ಅವರ ಎದುರಿಗೇ, ಓನರಿನ ಎದುರಿಗೇ ಹೇಳಿದೆ. ಆ ಮನುಷ್ಯ ಎರಡು ವಾರ ತಲೆ ತಗ್ಗಿಸಿ ತಿರುಗಿದ್ದು ನಾನು ನೋಡಿದ್ದೆ.

ಗೇರೂ ಹೋದ ಮೇಲೆ ಎಷ್ಟು ಹೊತ್ತು? ಮೊದಲ 5 ಸೆಕೆಂಡಿನಲ್ಲಿ ಬಸ್ಸು ಹೋಗುದು 11 ಮೀಟರ್ ಅಷ್ಟೆ, ನಡೆದುಕೊಂಡು ಹೋದ ಹಾಗೆ ಕಾಣ್ತದೆ. ಹತ್ತನೇ ಸೆಕೆಂಡಿಗೆ 44 ಮೀಟರ್, ಸ್ಪೀಡ್ 30 ಕಿಲೋಮೀಟರ್ ದಾಟಿರ್ತದೆ. ತಿರುವು ಇದ್ದದ್ದು ಸುಮಾರು 40 ಮೀಟರಿನಲ್ಲಿ. ನಿದ್ದೆಯಿಂದ ಎದ್ದ ಹುಡುಗ ಹಿಂದಿನ ಸೀಟಿನಿಂದ ಮುಂದೆ ಬಂದು ಪೆಡಲ್, ಲಿವರ್, ಸ್ಟೇರಿಂಗ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೀಗೆ ಉರುಳುವ ಬಸ್ಸಿಗೆ ಹೊರಗಿಂದ ಹಾರಿ ಹತ್ತಲಿಕ್ಕೆ, ಎದುರಿನಿಂದ ಕಲ್ಲು ಹಾಕ್ಲಿಕ್ಕೆ ದಯವಿಟ್ಟು ಯಾರೂ ಹೋಗ್ಬೇಡಿ, 9 ಟನ್ನಿಗೆ ಮನುಷ್ಯನ ಕೈ ಯಾವ ಲೆಕ್ಕ?

ಬಸ್ಸಿಗೆ ಫಿಟ್ನೆಸ್ ಸರ್ಟಿಫಿಕೇಟ್ ಇತ್ತು. 8 ವರ್ಷ ದಾಟಿದ ಗಾಡಿ, ವರ್ಷ ವರ್ಷ ಟೆಸ್ಟ್ ಉಂಟು, ಟೆಸ್ಟಿಗೆ ಹೋದಾಗ ಬ್ರೇಕ್ ಸರಿಯೇ ಇದ್ದಿರ್ತದೆ, ಬೋಲ್ಟ್ ತಿರುಗಿದ್ದು ಅದರ ಮೇಲೆ. ಪೇಪರಿನಲ್ಲಿ ತಪ್ಪು ಹುಡುಕಿದ್ರೆ ಸಿಗುದಿಲ್ಲ.

ನಾವು ಮಾಡಿದ ಕೆಲಸ ಹೇಳ್ತೇನೆ. ಎರಡೂ ಚಕ್ರಕ್ಕೆ ಮರದ ಅಡ್ಡ ಕೊಟ್ಟು ಬೋಲ್ಟ್ ವಾಪಸ್ ಬಿಟ್ಟೆವು. ಬಲದ್ದು ಹಿಡೀತು, ಎಡದ್ದು ಹಿಡೀಲಿಲ್ಲ, ಸ್ಲ್ಯಾಕ್ ಅಷ್ಟು ಲೂಸ್ ಇತ್ತು. ಲೈನರ್ ಸವೆದ ಹಾಗೆ ರಾಡ್ ಹೆಚ್ಚು ಹೆಚ್ಚು ಹೊರಗೆ ಬರ್ಬೇಕಾಗ್ತದೆ, ಸ್ಪ್ರಿಂಗ್ ಬಿಚ್ಚಿದಷ್ಟೂ ಅದರ ಜೋರು ಕಮ್ಮಿ, ಕೊನೆಗೆ ರಾಡ್ ಡಬ್ಬಿಯ ತುದಿಗೆ ಮುಟ್ಟಿ ನಿಂತ್ರೆ ಡ್ರಮ್ಮಿಗೆ ಸಿಗುದು ಸೊನ್ನೆ. ಅಂದ್ರೆ ಬೋಲ್ಟ್ ತಿರುಗಿಸದೆ ಇದ್ದಿದ್ರೂ ಈ ಬಸ್ಸಿಗೆ ಅರ್ಧ ಹ್ಯಾಂಡ್ ಬ್ರೇಕೇ ಇದ್ದದ್ದು. ಲೈನರ್ ಹೊಸತು ಹಾಕಿ ಅಡ್ಜಸ್ಟ್ ಮಾಡಿದೆವು, ಗಾಳಿ ಸೋರ್ತಾ ಇದ್ದದ್ದು ಫುಟ್ ವಾಲ್ವಿನಲ್ಲಿ, ಅದನ್ನೂ ಬದಲಿಸಿದೆವು, ಗೇರ್ ಬಾಕ್ಸ್ ಬಿಚ್ಚಿದೆವು. ಒಂದು ಮಾತು ಇಲ್ಲೇ ಹೇಳ್ತೇನೆ, ಆ ಸ್ಪ್ರಿಂಗ್ ಡಬ್ಬಿಯನ್ನು ಯಾರೂ ತಾವೇ ಬಿಚ್ಚಬೇಡಿ, ಒಳಗಿನ ಸ್ಪ್ರಿಂಗ್ ಹಾರಿದ್ರೆ ಎದುರಿಗೆ ಇದ್ದವರ ಜೀವ ಹೋಗ್ತದೆ. ಹಾಗೆಯೇ ಚಕ್ರಕ್ಕೆ ಅಡ್ಡ ಕೊಡದೆ ಬೋಲ್ಟ್ ಮುಟ್ಟಬೇಡಿ, ಸ್ಲ್ಯಾಕ್ ಲೂಸ್ ಮಾಡ್ಬೇಡಿ, ಬ್ರೇಕ್ ಬಿಟ್ಟ ಬಸ್ಸಿನಡಿಯಲ್ಲಿ ಮಲಗಿರುದು ನೀವೇ.

ಡ್ರೈವರುಗಳಿಗೆ ನಾನು ಹೇಳಿಕೊಟ್ಟ ಟೆಸ್ಟ್ ಸುಲಭ. ತಟ್ಟು ಜಾಗದಲ್ಲಿ ಇಂಜಿನ್ ಸ್ಟಾರ್ಟ್ ಇರುವಾಗ ಹ್ಯಾಂಡ್ ಬ್ರೇಕ್ ಹಾಕಿ, ಒಂದನೇ ಗೇರಿನಲ್ಲಿ ಕ್ಲಚ್ ಮೆಲ್ಲ ಬಿಟ್ಟು ನೋಡಿ. ಬಸ್ಸು ಮೂಗು ಎತ್ತಿ ತಡೆದು ನಿಲ್ಬೇಕು, ಇಂಜಿನ್ ಬೀಳುವ ಹಾಗೆ ಆಗ್ಬೇಕು. ಸಲೀಸಾಗಿ ಮುಂದೆ ಹೋದ್ರೆ ಆ ಟುಸ್ಸ್ ಶಬ್ದಕ್ಕೆ ಅರ್ಥ ಇಲ್ಲ. ಅರ್ಧ ನಿಮಿಷದ ಕೆಲಸ. ಇಳಿತದಲ್ಲಿ ನಿಲ್ಲಿಸಲೇಬೇಕಾದ್ರೆ ಮುಂದಿನ ಚಕ್ರ ಬರೆಯ ಕಡೆಗೆ ತಿರುಗಿಸಿ ಇಡಿ, ಹೊರಟ್ರೂ ಬರೆಗೆ ತಾಗಿ ನಿಲ್ತದೆ, ತೋಟಕ್ಕೆ ಹೋಗುದಿಲ್ಲ.

ಓನರ್ ಎರಡು ಹೊಸ ಬ್ಯಾಟ್ರಿ ಹಾಕಿದ್ರು, ತೋಟದವರಿಗೆ ಮರದ ದುಡ್ಡು, ಹುಡುಗನ ಆಸ್ಪತ್ರೆ ಖರ್ಚು, ನಮ್ಮ ಬಿಲ್, ಎಲ್ಲ ಕೊಟ್ರು. ಬಸ್ಸು ಈಗ ಅಂಗಡಿ ಎದುರಿನ ತಟ್ಟಿನಲ್ಲಿ ನಿಲ್ತದೆ.

ಆ ತಿಂಗಳ ಕೊನೆಗೆ ಒಂದು ಸ್ಕೂಲ್ ಬಸ್ಸು ಆಯಿಲ್ ಬದಲಿಸ್ಲಿಕ್ಕೆ ಅಂತ ನಮ್ಮಲ್ಲಿಗೆ ಬಂತು, ಬ್ರೇಕ್ ಕಂಪ್ಲೇಂಟ್ ಎಂತದೂ ಇಲ್ಲ. ನನಗೆ ಈಗ ಅಭ್ಯಾಸ ಆಗಿ ಹೋಗಿದೆ, ಬಗ್ಗಿ ಹಿಂದಿನ ಚೇಂಬರ್ ನೋಡಿದೆ. ಬಲ ಬದಿಯ ಬೋಲ್ಟ್ ಹೊರಗೆ ನಿಂತಿತ್ತು. ಡ್ರೈವರನ್ನು ಕರೆದು ಕೇಳಿದೆ, "ಅಣ್ಣ, ಬ್ಯಾಟ್ರಿ ಹಾಕಿ ಎಷ್ಟು ವರ್ಷ ಆಯ್ತು?" ಅವರು ನನ್ನ ಮುಖವನ್ನೇ ನೋಡಿದ್ರು, ಇದು ನಿನಗೆ ಹೇಗೆ ಗೊತ್ತಾಯ್ತು ಅನ್ನುವ ಹಾಗೆ.